ಬಂಡೆ ಸಂದಿಯ ಗುಲಾಬಿ ಬಣ್ಣದ ಹೂವನ್ನು ನಾನು ಗುರುತಿಸಿದ್ದು ಹೀಗೆ

ಆಲ್ಪ್ಸ್‌ನಲ್ಲಿ ಮರಗಳು ಮುಗಿದು ಬರೀ ಕಲ್ಲು-ಹುಲ್ಲು ಉಳಿಯುವ ಎತ್ತರದಲ್ಲಿ ಈ ಗಿಡ ಸಿಕ್ಕಿತು. ಬಂಡೆ ಸಂದಿಯಲ್ಲಿ ಹಸಿರು ದಿಂಬಿನ ಹಾಗೆ ಕೂತಿತ್ತು, ಮೈತುಂಬಾ ಗುಲಾಬಿ ಬಣ್ಣದ ಪುಟ್ಟ ಹೂವು. ಫೋಟೋ ನೋಡಿದ ಗಿಡ ಗುರುತಿಸುವ ಆ್ಯಪ್ ಮೂರು ಹೆಸರು ಕೊಟ್ಟಿತು: ಸೈಲೀನಿ ಅಕಾಲಿಸ್, ಸ್ಯಾಕ್ಸಿಫ್ರಾಗಾ ಅಪೊಸಿಟಿಫೋಲಿಯಾ, ಆಂಡ್ರೊಸೇಸ್ ಆಲ್ಪಿನಾ. ಮೂರಕ್ಕೂ ಐದೈದು ಎಸಳು, ಮೂರೂ ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತವೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಆ್ಯಪ್‌ಗೆ ಬಣ್ಣ ಬಿಟ್ಟು ಇನ್ನೇನು ಕಾಣಬೇಕು, ಅಲ್ವಾ?

ಕೈಲೆನ್ಸ್ ಹಿಡಿದು ಬೋರಲು ಮಲಗಿದೆ. ಹೂವಿನ ಅಗಲವೇ ಸುಮಾರು ಒಂದು ಸೆಂಟಿಮೀಟರ್, ಬೇರೆ ದಾರಿಯಿಲ್ಲ.

ಮೊದಲು ನೋಡಿದ್ದು ಹೂವಿನ ಗಂಟಲು. ಆಂಡ್ರೊಸೇಸ್ ಆಗಿದ್ದರೆ ಎಸಳುಗಳ ಬುಡ ಕೂಡಿಕೊಂಡು ಕೊಳವೆಯಾಗಿರಬೇಕು, ಅದರ ಬಾಯಿ ಹಳದಿ ಇರಬೇಕು, ಕೇಸರಗಳು ಒಳಗೇ ಅಡಗಿರಬೇಕು. ಇಲ್ಲಿ ಎಸಳುಗಳು ಬಿಡಿಬಿಡಿ, ಹಳದಿಯ ಸುಳಿವೇ ಇಲ್ಲ. ಒಂದು ಹೆಸರು ಹೋಯಿತು.

ಉಳಿದ ಎರಡರಲ್ಲೇ ಗೊಂದಲ ಜಾಸ್ತಿ. ಎರಡಕ್ಕೂ ಎಲೆಗಳು ಎದುರುಬದುರು, ಎರಡಕ್ಕೂ ಹತ್ತು ಕೇಸರ. ಸಾಲದ್ದಕ್ಕೆ ಸೈಲೀನಿಯ ಕೆಲವು ಗಿಡಗಳಲ್ಲಿ ಬರೀ ಹೆಣ್ಣು ಹೂವು, ಕೇಸರಗಳು ಮುರುಟಿಕೊಂಡಿರುತ್ತವೆ. ಹಾಗಾಗಿ ಕೇಸರ ಎಣಿಸುತ್ತಾ ಕೂರುವುದು ಸುಮ್ನೆ ದಂಡ. ಎಣಿಸಬೇಕಾದ್ದು ನಡುವಿನ ಶಲಾಕನಳಿಕೆಗಳನ್ನು, ಅಂದರೆ ಹೂವಿನ ಹೆಣ್ಣು ಭಾಗದಿಂದ ಮೇಲೇಳುವ ಎಳೆಗಳನ್ನು. ಸ್ಯಾಕ್ಸಿಫ್ರಾಗಾಕ್ಕೆ ಎರಡು, ಸೈಲೀನಿಗೆ ಮೂರು. ನನ್ನ ಹೂವಿನಲ್ಲಿ ಬಿಳಿಯ ಮೂರು ಎಳೆಗಳು ಸ್ಪಷ್ಟವಾಗಿ ಹೊರಗೆ ಚಾಚಿದ್ದವು.

ಅಷ್ಟಕ್ಕೇ ಬಿಡಲಿಲ್ಲ. ಹೂವನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿ ಪಕ್ಕದಿಂದ ನೋಡಿದೆ. ಎಸಳುಗಳ ಹೊರಗಿನ ಪುಷ್ಪಪತ್ರಗಳು ಬೆಸೆದು ಕೆಂಪು ಛಾಯೆಯ ಕೊಳವೆಯಾಗಿದ್ದವು, ತುದಿಯಲ್ಲಿ ಐದು ಮೊಂಡು ಹಲ್ಲು. ಪ್ರತಿ ಎಸಳಿನ ತುದಿಯಲ್ಲಿ ಸಣ್ಣ ಕಚ್ಚು. ಎಲೆ ಕಿರಿದು, ತುದಿ ಚೂಪು, ಅಂಚಿನಲ್ಲಿ ಗಿಡ್ಡ ರೋಮ. ಸ್ಯಾಕ್ಸಿಫ್ರಾಗಾದ ಎಲೆ ದಪ್ಪ, ಮೊಟ್ಟೆಯಾಕಾರ. ಅದರ ತುದಿಯ ರಂಧ್ರದಿಂದ ಸುಣ್ಣ ಒಸರಿ ಬಿಳಿ ಚುಕ್ಕೆ ಕಟ್ಟಿರುತ್ತದೆ. ಇಲ್ಲಿ ಚುಕ್ಕೆಯೂ ಇಲ್ಲ, ದಪ್ಪವೂ ಇಲ್ಲ. ಸೈಲೀನಿ ಅಕಾಲಿಸ್ ಎಂದು ಬರೆದುಕೊಂಡೆ.

ಕಿತ್ತು ತರಲಿಲ್ಲ. ಈ ಗಿಡ ಬೆಳೆಯುವುದು ತೀರಾ ನಿಧಾನ. ಈಗ ಇಂಥ ಗಿಡ ಕಂಡಾಗಲೆಲ್ಲ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಎಲೆಯದ್ದೇ ಬೇರೆ ಒಂದು ಫೋಟೋ ತೆಗೆಯುತ್ತೇನೆ. ಹೂವು ಉದುರಿದ್ದರೆ ಒಣಗಿದ ಕಾಯಿ ಹುಡುಕುತ್ತೇನೆ. ಸೈಲೀನಿಯ ಕಾಯಿ ತುದಿಯಲ್ಲಿ ಆರು ಹಲ್ಲಾಗಿ ಬಿರಿಯುತ್ತದೆ, ಸ್ಯಾಕ್ಸಿಫ್ರಾಗಾದ ಕಾಯಿಗೆ ಎರಡು ಕೊಕ್ಕು.