ಕೋಲಾರದ ಬೋರ್‌ವೆಲ್ ನೀರು, ಯುವಿ ಬೆಳಕು, ಮನೆಯಲ್ಲೇ ಪಿಸಿಬಿ

ಚಿಪ್ ಕಾರ್ಖಾನೆಯ ಲಿಥೋಗ್ರಫಿಯನ್ನು, ಅಂದರೆ ಬೆಳಕಿನಿಂದ ಚಿತ್ತಾರ ಮೂಡಿಸುವ ಕೆಲಸವನ್ನು, ಕೈಯಾರೆ ಮಾಡಿ ತಿಳಿಯಬೇಕೆಂದರೆ ತಾಮ್ರದ ಬೋರ್ಡಿಗೆ ಡ್ರೈ ಫಿಲ್ಮ್ (ಎರಡು ಪ್ಲಾಸ್ಟಿಕ್ ಹಾಳೆಗಳ ನಡುವಿನ, ಬೆಳಕಿಗೆ ಗಟ್ಟಿಯಾಗುವ ಪದರ) ಅಂಟಿಸಿ ಪಿಸಿಬಿ, ಅಂದರೆ ತಾಮ್ರದ ಗೆರೆಗಳೇ ತಂತಿಯಾಗಿರುವ ಸರ್ಕ್ಯೂಟ್ ಬೋರ್ಡ್, ಮಾಡುವುದೇ ಸುಲಭದ ದಾರಿ. ಅತ್ಯಾಧುನಿಕ ಚಿಪ್‌ಗಳಿಗೆ ಬೇಕಾದದ್ದು 13.5 ನ್ಯಾನೋಮೀಟರ್ ತರಂಗಾಂತರದ ಬೆಳಕು. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ ಸುಮಾರು 50,000 ಸಲ ಲೇಸರ್ ಹೊಡೆದು ಅದನ್ನು ಹುಟ್ಟಿಸುತ್ತಾರೆ. ಗಾಳಿ, ಗಾಜು ಎರಡೂ ಆ ಬೆಳಕನ್ನು ನುಂಗುತ್ತವೆ. ಹಾಗಾಗಿ ನಿರ್ವಾತ, ಲೆನ್ಸ್ ಬದಲು ಕನ್ನಡಿಗಳು. ನಮ್ಮ ಕೆಲಸಕ್ಕೆ ಸುಮಾರು 400 ನ್ಯಾನೋಮೀಟರ್‌ನ ಯುವಿ (ನೇರಳಾತೀತ) ಎಲ್‌ಇಡಿ ಸಾಕು.

ಬೋರ್ಡನ್ನು ಸ್ಕ್ರಬ್ಬರ್‌ನಿಂದ ಉಜ್ಜಿ ತೊಳೆಯಿರಿ. ನೀರು ಹರಡದೆ ಹನಿಗಟ್ಟಿದರೆ ಜಿಡ್ಡು ಹೋಗಿಲ್ಲ. ಒಣಗಿಸಿ, ಹಳದಿ ಬಲ್ಬಿನ ಬೆಳಕಲ್ಲಿ ಫಿಲ್ಮಿನ ಒಳಹಾಳೆ ಬಿಡಿಸಿ ಅಂಟಿಸಿ. 110 ಡಿಗ್ರಿ ಲ್ಯಾಮಿನೇಟರ್‌ನಲ್ಲಿ ಎರಡು ಮೂರು ಸಲ ಎಳೆಯಿರಿ. ಗುಳ್ಳೆ ಎದ್ದ ಜಾಗದಲ್ಲಿ ಗೆರೆ ಉಳಿಯುವುದಿಲ್ಲ.

ಬೆಳಕು ಬಿದ್ದ ಫಿಲ್ಮ್ ಗಟ್ಟಿಯಾಗುತ್ತದೆ. ಆದ್ದರಿಂದ ಪಾರದರ್ಶಕ ಹಾಳೆಯಲ್ಲಿ ಗೆರೆ ಬಿಳಿ, ಸುತ್ತಲೂ ಕಪ್ಪು ಬರುವಂತೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಪ್ರಿಂಟ್ ತೆಗೆದು, ಶಾಯಿಯ ಮೈ ಫಿಲ್ಮಿಗೇ ತಾಗುವಂತೆ ಇಟ್ಟು ಗಾಜಿನಿಂದ ಒತ್ತಿ. ಸ್ವಲ್ಪ ಸಂದು ಬಿಟ್ಟರೂ ಬೆಳಕು ಅಂಚಿನಡಿ ನುಸುಳಿ ಗೆರೆ ದಪ್ಪವಾಗುತ್ತದೆ. ಯುವಿ ಬೆಳಕು ಎಷ್ಟು ಹೊತ್ತು ಬೀಳಬೇಕು ಎಂಬುದಕ್ಕೆ ಯಾರ ಲೆಕ್ಕವನ್ನೂ ನಂಬಬೇಡಿ. ಚೂರು ಬೋರ್ಡಿನ ಮೇಲೆ ರಟ್ಟನ್ನು 30 ಸೆಕೆಂಡಿಗೊಮ್ಮೆ ಸರಿಸಿ, ನಿಮ್ಮ ದೀಪಕ್ಕೆ ಎಷ್ಟು ಬೇಕೆಂದು ನೋಡಿಕೊಳ್ಳಿ. ಬೆಳಕು ಕೊಟ್ಟಮೇಲೆ 15 ನಿಮಿಷ ಬಿಡಿ.

ಬೆಳಕು ಬೀಳದ ಫಿಲ್ಮನ್ನು ಕರಗಿಸುವ ಡೆವಲಪರ್ ಅಂದರೆ ಲೀಟರ್ ನೀರಿಗೆ 10 ಗ್ರಾಂ ಪುಡಿ ವಾಷಿಂಗ್ ಸೋಡಾ. ಹರಳಾದರೆ ಅದರಲ್ಲಿ ನೀರೇ ಹೆಚ್ಚು, 27 ಗ್ರಾಂ ಹಾಕಿ. ಅಡುಗೆ ಸೋಡಾ ಬೇಡ, ಅದರ ಕ್ಷಾರ ಸಾಲದು. ನಮ್ಮ ಕಡೆ ಹೆಚ್ಚಿನ ಕೆಲಸ ಕೆಡುವುದು ಇಲ್ಲೇ: ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂ ಸೋಡಾ ಜೊತೆ ಸೇರಿ ಸುಣ್ಣದಂಥ ಬಿಳಿ ಗಷ್ಟು ಕಟ್ಟುತ್ತದೆ. ಡೆವಲಪರ್ ಸಪ್ಪೆಯಾಗುತ್ತದೆ, ಗಷ್ಟು ಗೆರೆಗಳ ನಡುವೆ ಕೂರುತ್ತದೆ. ಇಪ್ಪತ್ತು ಲೀಟರ್ ಕ್ಯಾನಿನ ಶುದ್ಧ ನೀರನ್ನೇ ಬಳಸಿ. ಡೆವಲಪರ್‌ಗೆ ಇಳಿಸುವ ಮುನ್ನ ಫಿಲ್ಮಿನ ಮೇಲಿನ ಹಾಳೆ ಬಿಡಿಸುವುದನ್ನು ಮರೆತು ‘ಫಿಲ್ಮ್ ಕರಗುತ್ತಲೇ ಇಲ್ಲ’ ಅನ್ನುವವರೂ ಬಹಳ.

ನಂತರ ಪ್ಲಾಸ್ಟಿಕ್ ತಟ್ಟೆಯಲ್ಲಿ ತಾಮ್ರವನ್ನು ಕರಗಿಸುವ ಬೆಚ್ಚಗಿನ ಫೆರಿಕ್ ಕ್ಲೋರೈಡ್. ಬೇಡದ ತಾಮ್ರ ಪೂರ್ತಿ ಹೋಗುವವರೆಗೆ ಅಲುಗಿಸುತ್ತಿರಿ. ಉಳಿದ ಫಿಲ್ಮನ್ನು 3% ಕಾಸ್ಟಿಕ್ ಸೋಡಾ ಬಿಡಿಸುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿ, ನೀರನ್ನು ಸೋಡಾಕ್ಕಲ್ಲ. ಬಳಸಿದ ಫೆರಿಕ್ ಕ್ಲೋರೈಡ್‌ನಲ್ಲಿ ತಾಮ್ರ ಇರುತ್ತದೆ, ಮೋರಿಗೆ ಸುರಿಯಬೇಡಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಹೆಸರು ಬರೆದಿಡಿ; ವೇಗ ತಗ್ಗುವವರೆಗೆ ಮತ್ತೆ ಮತ್ತೆ ಬಳಸಬಹುದು.