ಮರಳುಗಲ್ಲು ಗುರುತಿಸಲು ಚಿತ್ರದುರ್ಗದಲ್ಲಿ ನಾನು ಅನುಸರಿಸುವ ಕ್ರಮ

ಚಿತ್ರದುರ್ಗ, ದಾವಣಗೆರೆ ಸುತ್ತ ಅಪ್ಪಟ ಮರಳುಗಲ್ಲು ಸಿಗುವುದು ಅಪರೂಪ. ಕೋಟೆಯ ಬಂಡೆಗಳು ಗ್ರಾನೈಟ್. ಹರಿಹರ, ರಾಣೇಬೆನ್ನೂರು ಕಡೆಯ ಕಪ್ಪುಛಾಯೆಯ ಗ್ರೇವ್ಯಾಕ್ ಮರಳುಗಲ್ಲಿನ ಕುಲದ್ದೇ ಆದರೂ ಶಾಖ, ಒತ್ತಡಕ್ಕೆ ಸಿಕ್ಕಿ ಬಿಗಿಯಾದದ್ದು. ಹಾಗಾಗಿ ಹೋಲಿಸಿ ನೋಡಲು ಬಾದಾಮಿ ಕಡೆಯ ಮರಳುಗಲ್ಲಿನ ಚೂರೊಂದು ಸದಾ ಚೀಲದಲ್ಲಿರುತ್ತದೆ.

ಮಳೆ, ಬಿಸಿಲು ತಿಂದ ಹೊರಮೈಯನ್ನು ನಾನು ನಂಬುವುದಿಲ್ಲ. ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಸ ಮುಖ ಒಡೆದು, ಒದ್ದೆ ಮಾಡಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು ಕಲ್ಲನ್ನೇ ಅದರ ಬಳಿಗೆ ತರುತ್ತೇನೆ. ಕಣಗಳು ಸುಮಾರು 0.06ರಿಂದ 2 ಮಿ.ಮೀ. ಒಳಗಿರಬೇಕು.

ಗಾತ್ರಕ್ಕಿಂತ ಮುಖ್ಯ, ಕಣಗಳು ಒಂದಕ್ಕೊಂದು ಹೇಗೆ ಹಿಡಿದುಕೊಂಡಿವೆ ಎಂಬುದು. ಮರಳುಗಲ್ಲಿನಲ್ಲಿ ಬಿಡಿ ಕಣಗಳ ನಡುವೆ ಅಂಟು ಇರುತ್ತದೆ. ರವೆಉಂಡೆ ಮುರಿದಂತೆ ಬಿರುಕು ಕಣಗಳನ್ನು ಬಳಸಿ ಹೋಗುತ್ತದೆ, ಮುಖ ತರಿತರಿ. ಮರಳುಗಲ್ಲೇ ಶಾಖ, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಕ್ವಾರ್ಟ್ಜೈಟ್‌ನಲ್ಲಿ ಬಿರುಕು ಕಣಗಳನ್ನೇ ಸೀಳುತ್ತದೆ, ಮುಖ ನುಣುಪಾಗಿ ಹೊಳೆಯುತ್ತದೆ. ಸಿಲಿಕಾ ಅಂಟು ಬಲವಾಗಿ ಕೂತ ಮರಳುಗಲ್ಲೂ ಹೀಗೇ ಒಡೆಯಬಹುದು, ಆದ್ದರಿಂದ ಮೂರ್ನಾಲ್ಕು ಕಡೆ ಒಡೆದು ನೋಡುತ್ತೇನೆ. ಗ್ರೇವ್ಯಾಕ್‌ನಲ್ಲಿ ಮೊನಚು ಕಣಗಳ ನಡುವೆ ಕಪ್ಪು ಜೇಡಿಯಂಥ ನುಣ್ಣನೆಯ ತುಂಬು ಕಾಣುತ್ತದೆ.

ನಮ್ಮ ಭಾಗದಲ್ಲಿ ಹೆಚ್ಚು ಮೋಸಮಾಡುವುದು ಹಳಸಿದ ಗ್ರಾನೈಟ್. ಉಜ್ಜಿದರೆ ಗರಸಿನಂತೆ ಉದುರುತ್ತದೆ, ಎಷ್ಟೋ ಜನ ಮರಳುಗಲ್ಲೆಂದೇ ಬರೆದುಕೊಳ್ಳುತ್ತಾರೆ. ಕಲ್ಲನ್ನು ಬೆಳಕಿಗೆ ಓರೆ ತಿರುಗಿಸಬೇಕು: ಗ್ರಾನೈಟ್‌ನ ಮುಖ್ಯ ಖನಿಜವಾದ ಫೆಲ್ಡ್‌ಸ್ಪಾರ್ ಇನ್ನೂ ಪೂರಾ ಮಣ್ಣಾಗಿಲ್ಲದಿದ್ದರೆ ಅದರ ಚಪ್ಪಟೆ ಮುಖಗಳು ಫಳ್ಳೆನ್ನುತ್ತವೆ. ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಸವೆದು ದುಂಡಗಾದ ಕಣ ಒಂದೂ ಇರುವುದಿಲ್ಲ.

ಮೊಳೆಯಿಂದ ಗೀಚಿ ಕಲ್ಲಿನ ಗಡಸುತನ ತೀರ್ಮಾನಿಸುವುದು ತಪ್ಪು. ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಜ್‌ನ ಗಡಸುತನ 1ರಿಂದ 10ರ ಮೋಸ್ ಮಾಪಕದಲ್ಲಿ 7, ಮೊಳೆಗಿಂತ ಹೆಚ್ಚು. ಮೊಳೆ ಕಣವನ್ನು ಗೀಚುವುದಿಲ್ಲ, ಅಂಟಿನಿಂದ ಕಿತ್ತು ಹಾಕುತ್ತದೆ. ತಿಳಿಯುವುದು ಅಂಟಿನ ಬಲ ಅಷ್ಟೇ. ಅಂಟು ಯಾವುದೆಂದು ನೋಡಲು 10% ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಸಾಕು. ದುರ್ಬಲಗೊಳಿಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಲೇಬಾರದು. ನೊರೆ ಬಂದರೆ ಅಂಟು ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜ. ನೊರೆಯಿಲ್ಲದೆ ಕೆಂಪಗಿದ್ದರೆ ಹೆಚ್ಚಾಗಿ ಕಬ್ಬಿಣದ ಆಕ್ಸೈಡ್. ಬಿರುಕಿನಲ್ಲಿ ಸುಣ್ಣ ಕೂತಿದ್ದರೂ ನೊರೆ ಬರುತ್ತದೆ, ಹನಿ ಬೀಳಬೇಕಾದ್ದು ಹೊಸ ಮುಖದ ಮೇಲೆ.

ಬಂಡೆಯ ಅಂಚು ಸಿಕ್ಕಿದರೆ ಒಡೆಯುವ ಮೊದಲೇ ಸ್ಕೇಲ್ ಇಟ್ಟು ಫೋಟೋ ತೆಗೆದು, ಓರೆಪದರಗಳ (ದೊಡ್ಡ ಪದರದೊಳಗೆ ಓರೆಯಾಗಿ ಕೂತ ತೆಳು ಗೆರೆಗಳ) ದಿಕ್ಕನ್ನು ದಿಕ್ಸೂಚಿಯಲ್ಲಿ ಬರೆದುಕೊಳ್ಳುತ್ತೇನೆ. ಗೆರೆಗಳು ಕೆಳಗೆ ಬಾಗಿ ತಳಕ್ಕೆ ಸೇರಿ, ಮೇಲೆ ಕತ್ತರಿಸಿದಂತೆ ನಿಲ್ಲುತ್ತವೆ. ಪದರ ತಲೆಕೆಳಗಾಗಿದೆಯೇ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಪದರಗಳು ಮಡಚಿಲ್ಲದ ಕಡೆ ಗೆರೆ ಇಳಿಯುವ ದಿಕ್ಕೇ ಮರಳು ತಂದ ನೀರು ಅಥವಾ ಗಾಳಿಯ ದಿಕ್ಕು.