ಬಿಸಿಗಾಳಿ ಹೆಚ್ಚುತ್ತಿದೆಯೇ? ದಿನವಹಿ ಉಷ್ಣಾಂಶದಿಂದ ಲೆಕ್ಕ ಹಾಕುವ ಬಗೆ

ಒಂದೇ ಹವಾಮಾನ ಕೇಂದ್ರದ 50–60 ವರ್ಷಗಳ ದಿನವಹಿ ಗರಿಷ್ಠ ಉಷ್ಣಾಂಶ ಇದ್ದರೆ ಈ ಲೆಕ್ಕ ಎಕ್ಸೆಲ್‌ನಲ್ಲೇ ಆಗುತ್ತದೆ. ಕಷ್ಟವಿರುವುದು ಲೆಕ್ಕದಲ್ಲಲ್ಲ, ಅಂಕಿಗಳನ್ನು ನಂಬುವುದರಲ್ಲಿ.

ಮೊದಲು ಕೇಂದ್ರದ ಇತಿಹಾಸ ಓದಿ. ಜಾಗ ಬದಲಾಗಿದ್ದರೆ, ಪಾದರಸದ ಥರ್ಮಾಮೀಟರ್ ಹೋಗಿ ಸೆನ್ಸರ್ ಬಂದಿದ್ದರೆ ಗ್ರಾಫ್ ಆ ವರ್ಷ ಮೆಟ್ಟಿಲು ಹತ್ತಿದಂತೆ ಕಾಣಬಹುದು. ಅದು ಹವಾಮಾನದ ಬದಲಾವಣೆ ಅಲ್ಲ. ಅಂಕಿ ಬರೆದುಕೊಳ್ಳುವ ಹೊತ್ತನ್ನೂ ನೋಡಿ. ಸಂಜೆ 5ಕ್ಕೆ 40 ಡಿಗ್ರಿ ಇದ್ದಾಗ ಗರಿಷ್ಠ ಥರ್ಮಾಮೀಟರ್ ಒದರಿ ಇಟ್ಟರೆ ಅದು ಅಲ್ಲಿಂದಲೇ ಶುರುವಾಗುತ್ತದೆ. ಮರುದಿನ 33 ಡಿಗ್ರಿ ದಾಟದಿದ್ದರೂ ಲೆಕ್ಕದಲ್ಲಿ 40 ಬೀಳುತ್ತದೆ. ಒಂದು ಬಿಸಿ ದಿನ ಎರಡಾಯಿತು!

ನಂತರ ಎಷ್ಟು ಡಿಗ್ರಿ ದಾಟಿದರೆ ಬಿಸಿ ದಿನ ಎಂಬ ಮಿತಿ ಗೊತ್ತುಮಾಡಿ. 1961–1990ರ ಅವಧಿ ತೆಗೆದುಕೊಂಡು, ಪ್ರತಿ ತಾರೀಖಿಗೂ ಹಿಂದಿನ 7, ಮುಂದಿನ 7 ದಿನ ಸೇರಿಸಿ. 15 ದಿನ, 30 ವರ್ಷ, ಒಟ್ಟು 450 ಅಂಕಿ. ಇವುಗಳ 90ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 90 ಅಂಕಿಗಳು ಯಾವುದರ ಕೆಳಗಿರುತ್ತವೋ ಅದು, ಆ ತಾರೀಖಿನ ಮಿತಿ. ಈ ಮಿತಿಯನ್ನು ಕೊನೆಯವರೆಗೂ ಕದಲಿಸಬೇಡಿ. ವರ್ಷ ಕಳೆದಂತೆ ಅದನ್ನೂ ಮುಂದಕ್ಕೆ ತಳ್ಳಿದರೆ ಏರಿದ ಬಿಸಿಯೇ 'ಸಹಜ' ಆಗಿಬಿಡುತ್ತದೆ.

ಸತತ 3 ದಿನ ಮಿತಿ ದಾಟಿದರೆ ಒಂದು ಬಿಸಿಗಾಳಿ. ಇಲ್ಲಿ ಬಹಳ ಜನ ಎಡವುತ್ತಾರೆ: ಬಿಸಿಗಾಳಿಗಳ ಸಂಖ್ಯೆಯನ್ನಷ್ಟೇ ಎಣಿಸುತ್ತಾರೆ. ಸೆಕೆ ಹೆಚ್ಚಿದಂತೆ 4 ದಿನದ ಎರಡು ಅಲೆಗಳು, ನಡುವಿನ 3 ದಿನವೂ ಕಾದು, ಕೂಡಿ 11 ದಿನದ ಒಂದೇ ಅಲೆ ಆಗಬಹುದು. ಸಂಖ್ಯೆ ಇಳಿಯಿತು, ಸಂಕಟ ಏರಿತು. ಆದ್ದರಿಂದ ವರ್ಷದ ಒಟ್ಟು ಬಿಸಿಗಾಳಿ ದಿನಗಳನ್ನೇ ಮುಖ್ಯವಾಗಿ ನೋಡಿ. ಅತಿ ಉದ್ದದ ಅಲೆ, ಅತಿ ಬಿಸಿಯ ದಿನ ಬೇರೆ ಕಾಲಂನಲ್ಲಿರಲಿ. ನಡುವೆ ಒಂದು ದಿನದ ಅಂಕಿ ಇಲ್ಲದಿದ್ದರೂ ಅಲೆ ತುಂಡಾಗುತ್ತದೆ, ಅಂಥ ವರ್ಷಗಳಿಗೆ ಗುರುತು ಹಾಕಿ.

ಏರಿಕೆಯ ದರಕ್ಕೆ ಸೆನ್ ಇಳಿಜಾರು (ವರ್ಷಗಳ ಪ್ರತಿ ಜೋಡಿಯ ನಡುವಿನ ಏರಿಕೆ ದರಗಳಲ್ಲಿ ನಡುವಿನದು), ಆ ಏರಿಕೆ ಬರೀ ಆಕಸ್ಮಿಕವಲ್ಲ ಎಂಬ ಖಾತ್ರಿಗೆ ಮ್ಯಾನ್–ಕೆಂಡಾಲ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಸಾಕು. 1998, 2016ರಂಥ ಎಲ್ ನಿನೋ ವರ್ಷ (ಪೆಸಿಫಿಕ್ ಸಾಗರ ಕಾದು ಜಗತ್ತಿನ ಬಿಸಿ ಏರುವ ವರ್ಷ) ತುದಿಯಲ್ಲಿದ್ದರೆ ಆರಂಭ, ಕೊನೆ ಬದಲಿಸಿ ಮತ್ತೆ ಹಾಕಿ ನೋಡಿ.

ಒಂದು ಕೇಂದ್ರದ ಏರಿಕೆಯಿಂದ ಕಾರಣ ಹೇಳಲಾಗದು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2021ರ ವರದಿ ಜಗತ್ತಿನ ಭೂಭಾಗದ ಚಿತ್ರ ಕೊಡುತ್ತದೆ: ಕೈಗಾರಿಕಾ ಯುಗಕ್ಕೆ ಮುನ್ನ 10 ವರ್ಷಕ್ಕೊಮ್ಮೆ ಬರುತ್ತಿದ್ದ ವಿಪರೀತ ಬಿಸಿ, ಭೂಮಿ 1 ಡಿಗ್ರಿ ಕಾದಾಗ ಅದೇ 10 ವರ್ಷದಲ್ಲಿ 2.8 ಸಲ, 2 ಡಿಗ್ರಿ ಕಾದರೆ 5.6 ಸಲ.

ಕನಿಷ್ಠ ಉಷ್ಣಾಂಶಕ್ಕೂ ಇದೇ ಲೆಕ್ಕ ಹಾಕಿ. ರಾತ್ರಿ ತಂಪಾಗದಿದ್ದರೆ ದೇಹಕ್ಕೆ ಬಿಡುವಿಲ್ಲ. ಆದರೆ ನಗರದ ಕಾಂಕ್ರೀಟು ಹೆಚ್ಚು ಕಾಡುವುದೂ ರಾತ್ರಿಯೇ; ಹತ್ತಿರದ ಹಳ್ಳಿಯ ಕೇಂದ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿ.